ರಂಗಮ್ಮ ಕೈ ತೋರಿಸದ ಓಕುಳಿ

ಕೊಡಗು ಇನ್ನೂ ಮೈಸೂರಿಗೆ ಸೇರದೆ ತನ್ನದೇ ಒಂದು ಸಣ್ಣ ರಾಜ್ಯವಾಗಿದ್ದ ಕಾಲದಲ್ಲಿ, ಚೆಟ್ಟಳ್ಳಿಯ ತೋಟಗಳಿಂದ ಕಾಫಿ ಮೂಟೆ ಹೊತ್ತು ಇಳಿಯುತ್ತಿದ್ದ ಎತ್ತಿನ ಗಾಡಿಗಳು ಫ್ರೇಸರ್‌ಪೇಟೆ ಮುಟ್ಟುವ ಮೊದಲು ಹೊಸಪಾಳ್ಯದಲ್ಲಿ ನಿಂತೇ ನಿಲ್ಲುತ್ತಿದ್ದವು. ಗಾಡಿಯವನು ಹಗ್ಗ ಎಳೆಯಬೇಕಾಗಿಯೇ ಇರಲಿಲ್ಲ. ಹುಚ್ಚಮ್ಮನ ಹೋಟ್ಲಿನ ಹೊಗೆ ಮೂಗಿಗೆ ಬಡಿದ ಕೂಡಲೇ ಎತ್ತುಗಳು ತಾವಾಗಿಯೇ ಹೊಂಗೆಮರದ ನೆರಳಿಗೆ ತಿರುಗಿ ನಿಂತುಬಿಡುತ್ತಿದ್ದವು.

ಹೋಟ್ಲು ಎಂದರೆ ಹುಲ್ಲು ಹೊದೆಸಿದ ಒಂದು ಚಪ್ಪರ, ಮೂರು ಕಲ್ಲಿನ ಎರಡು ಒಲೆ, ಕೂರಲು ಉದ್ದದ ಒಂದು ಮರದ ದಿಮ್ಮಿ. ಹೆಸರು ಹುಚ್ಚಮ್ಮನದಾದರೂ ಒಲೆಯ ಮುಂದೆ ಇರುತ್ತಿದ್ದವಳು ಅವಳ ಸೊಸೆ ರಂಗಮ್ಮ. ನೀರು ಯಾವ ಸದ್ದಿಗೆ ಬಂದಾಗ ಹಿಟ್ಟು ಹಾಕಬೇಕು ಎನ್ನುವುದನ್ನು ಅವಳು ಪಾತ್ರೆಗೆ ಬೆನ್ನು ಮಾಡಿ ನಿಂತಿದ್ದರೂ ಹೇಳುತ್ತಿದ್ದಳು. ಮುದ್ದೆಯಲ್ಲಿ ಗಂಟು ಇರುತ್ತಿರಲಿಲ್ಲ. ಒಬ್ಬನ ಮುದ್ದೆ ದೊಡ್ಡದು, ಇನ್ನೊಬ್ಬನದು ಸಣ್ಣದು ಎಂಬ ಜಗಳ ಆ ದಿಮ್ಮಿಯ ಮೇಲೆ ಎಂದೂ ಆಗಲಿಲ್ಲ. ಹೊಸಬ ಗಾಡಿಯವರು ಸಾರಿನ ರುಚಿಗೆ ಬರುತ್ತಿದ್ದರು, ಹಳಬರು ಅವಳ ಬಾಯಿಗೆ ಬರುತ್ತಿದ್ದರು.

ಹೊಸಪಾಳ್ಯದವರೆಲ್ಲ ಒಂದು ತಲೆಮಾರಿನ ಹಿಂದೆ ಹಾಸನದ ಸೀಮೆಯಿಂದ ಬಂದು ಕಾಡು ಕಡಿದು ಗದ್ದೆ ಮಾಡಿದವರು. ರಂಗಮ್ಮ ಮದುವೆಯಾಗಿ ಬಂದ ಎರಡನೆಯ ಮಳೆಗಾಲದಲ್ಲಿ ಅವಳ ಗಂಡ ಚಳಿಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ತವರಿನವರು ಕರೆಯಲು ಬಂದರು. ಹುಚ್ಚಮ್ಮ ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಮೂಲೆಯಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದಳು. ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸುತ್ತಿದ್ದಾಳೆ ಎಂಬುದನ್ನು ರಂಗಮ್ಮ ನೋಡಿದಳು, ಹೊರಡಲು ಕಟ್ಟಿದ್ದ ಬಟ್ಟೆಗಂಟನ್ನು ಬಿಚ್ಚಿದಳು. ಮಾರನೆಯ ವರ್ಷ ಇಬ್ಬರೂ ಸೇರಿ ರಸ್ತೆ ಬದಿಗೆ ಒಲೆ ಹೂಡಿದರು.

ಅದೇ ವರ್ಷ ಊರು ಅವಳನ್ನು ರತಿ ಮಾಡಿತು.

ಹೊಸಪಾಳ್ಯದಲ್ಲಿ ಹಬ್ಬಗಳು ಎಷ್ಟೋ ಇದ್ದವು. ಆದರೆ ಗಂಡು ಹೆಣ್ಣಿನ ಪ್ರೀತಿಗೆಂದೇ ಇದ್ದದ್ದು ಒಂದೇ, ಫಾಲ್ಗುಣದ ಹುಣ್ಣಿಮೆಯ ಕಾಮನ ಹಬ್ಬ. ಹುಡುಗರು ಊರೆಲ್ಲ ಸುತ್ತಿ ಸೌದೆ ಕದ್ದು ರಾಶಿ ಹಾಕುವುದು, ನಡುವೆ ಹರಳುಗಿಡ ನೆಟ್ಟು ಹುಲ್ಲಿನ ಕಾಮನನ್ನು ಕೂರಿಸುವುದು, ಚಂದ್ರ ಮೂಡುವಾಗ ಬೆಂಕಿ ಇಡುವುದು, ಇವೆಲ್ಲ ಎಲ್ಲ ಕಡೆಯ ಹಾಗೆಯೇ. ಹಾಸನದ ಸೀಮೆಯಿಂದ ಅವರು ಜೊತೆಗೆ ತಂದದ್ದು ಇನ್ನೊಂದು ಕ್ರಮ. ಕಾಮ ಸುಟ್ಟುಹೋಗುವಾಗ ಒಬ್ಬ ಹೆಂಗಸು ರತಿಯಾಗಿ ಕೂದಲು ಬಿಚ್ಚಿ ಕೂತು, ಗಂಡನನ್ನು ಕೊಡು ಎಂದು ಶಿವನನ್ನು ಕೇಳಿ ಹಾಡಿ ಅಳಬೇಕು. ಒಂದು ಸಂಜೆಗಾದರೂ ಸರಿ, ಗಂಡ ಸತ್ತವಳ ವೇಷಕ್ಕೆ ಯಾವ ಮುತ್ತೈದೆ ಒಪ್ಪುತ್ತಾಳೆ? ಹಾಗಾಗಿ ರತಿಯಾಗುತ್ತಿದ್ದವಳು ಯಾವಾಗಲೂ ವಿಧವೆಯೇ.

ಮಾರನೆಯ ಬೆಳಿಗ್ಗೆ ಓಕುಳಿ. ಶಿವ ಕರಗಿ ಕಾಮನಿಗೆ ಜೀವ ಕೊಟ್ಟಿರುತ್ತಾನೆ, ಆದರೆ ಮೈ ಕೊಟ್ಟಿರುವುದಿಲ್ಲ. ಅವನು ಇರುತ್ತಾನೆ, ರತಿಯ ಕಣ್ಣಿಗೆ ಮಾತ್ರ ಕಾಣುತ್ತಾನೆ. ಊರಿನ ಹೆಂಗಸರು ರತಿಯನ್ನು ಬೂದಿಯ ಮುಂದೆ ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ತಲೆಗೆ ಹೂವು ಮುಡಿಸಿ, ‘ರತಿವ್ವಾ, ನಿನ್ ಗಂಡ ಎಲ್ಲವ್ನೆ?’ ಎಂದು ಕೇಳುತ್ತಾರೆ. ರತಿ ಸುತ್ತಲೂ ಕಣ್ಣಾಡಿಸಿ ಯಾರನ್ನಾದರೂ ಕೈ ಮಾಡಿ ತೋರಿಸಬೇಕು. ತೋರಿಸಿದವರ ತಲೆಯ ಮೇಲೆ ದೊಡ್ಡ ಕೊಡದ ಓಕುಳಿ. ಅಲ್ಲಿಗೆ ಆಟ ಮುಗಿಯಿತು. ರತಿಯ ಮನೆಯ ಹಿರಿಯಳು ಒದ್ದೆ ಬಟ್ಟೆಯಲ್ಲಿ ಅವಳ ಹಣೆ ಒರೆಸಿ, ಹೂವು ತೆಗೆದು ಬೂದಿಗೆ ಹಾಕುತ್ತಾಳೆ. ಅದಾಗುವವರೆಗೆ ಆ ರಸ್ತೆಯಲ್ಲಿ ಗಾಡಿಯೂ ಹೊರಡುವಂತಿಲ್ಲ.

ರಂಗಮ್ಮನ ಆಟ ನೋಡಲು ಪಕ್ಕದ ಊರುಗಳಿಂದಲೂ ಜನ ಬರುತ್ತಿದ್ದರು. ಒಂದು ವರ್ಷ ಅವಳು ಹಲ್ಲೆಲ್ಲ ಬಿದ್ದ ಕೂಸಪ್ಪಜ್ಜನನ್ನು ತೋರಿಸಿದಳು. ಅಜ್ಜ ನೆನೆದು ತೊಪ್ಪೆಯಾಗಿ, ‘ಈ ಬುದ್ಧಿ ಅರವತ್ತು ವರ್ಸದ ಹಿಂದೆ ಬಂದಿದ್ರೆ ಏನಾಗ್ತಿತ್ತವ್ವ ನಿಂಗೆ?’ ಎಂದ. ಇನ್ನೊಂದು ವರ್ಷ ಬೆದರುಗೊಂಬೆಯನ್ನು ತೋರಿಸಿದಳು. ಮತ್ತೊಂದು ವರ್ಷ ಸೌದೆ ಕದ್ದದ್ದಕ್ಕೆ ಹುಡುಗರನ್ನು ಹಿಡಿಯಲು ಬಂದಿದ್ದ ಕಾಡಿನ ಗಾರ್ಡನ್ನೇ ತೋರಿಸಿದಳು. ಅವನ ಖಾಕಿ ಅಂಗಿಯ ಮೇಲೆ ಆ ಬಣ್ಣ ಮಳೆಗಾಲದವರೆಗೂ ಉಳಿದಿತ್ತಂತೆ. ಓಕುಳಿ ಕಲೆಸುತ್ತಿದ್ದವಳೂ ಅವಳೇ ತಾನೆ. ಅರಿಸಿನದ ನೀರಿಗೆ ತಿಳಿಸುಣ್ಣ ಬಿದ್ದರೆ ಕೆಂಪಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಸುಣ್ಣ ಕಡಿಮೆಯಾದರೆ ಬಣ್ಣ ಇಟ್ಟಿಗೆಯ ಹಾಗೆ ಮಂಕಾಗುತ್ತದೆ, ಹೆಚ್ಚಾದರೆ ಮೈ ಉರಿಯುತ್ತದೆ. ಅವಳದು ಎರಡರ ನಡುವಿನ, ದಾಸವಾಳದ ಕೆಂಪು.

ವರ್ಷಕ್ಕೆ ಒಂದು ಬೆಳಿಗ್ಗೆ ಹೂವು ಮುಡಿಯುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಮುಡಿದಾಗ ಸಂತೋಷವೂ ಇಲ್ಲ, ತೆಗೆದಾಗ ದುಃಖವೂ ಇಲ್ಲ ಎಂದುಕೊಂಡಿದ್ದಳು. ಸಣ್ಣಸ್ವಾಮಿ ಬಂದು ಆ ಲೆಕ್ಕವನ್ನು ಕೆಡಿಸಿದ.

ಸಣ್ಣಸ್ವಾಮಿ ಪಿರಿಯಾಪಟ್ಟಣದ ಕಡೆಯವನು. ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿಸಿಕೊಂಡವನು. ಜೋಡಿ ಎತ್ತು, ಒಂದು ಗಾಡಿ, ಇಷ್ಟೇ ಅವನ ಸಂಸಾರ. ಮಾತು ಕಡಿಮೆ. ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟು ಹೋಗುತ್ತಿದ್ದ ಗಾಡಿಯವನು ಅವನೊಬ್ಬನೇ. ಉಳಿದವರು ಅದಕ್ಕೆ ಅವನನ್ನು ಗೇಲಿ ಮಾಡುತ್ತಿದ್ದರು.

ಆ ವರ್ಷ ಹೂಮಳೆ ಹುಣ್ಣಿಮೆಗೆ ಸ್ವಲ್ಪ ಮೊದಲು ಬಿತ್ತು. ಮಳೆ ಬಿದ್ದ ವಾರ ಕಳೆಯುವಷ್ಟರಲ್ಲಿ ಕಾಫಿ ತೋಟಗಳೆಲ್ಲ ಒಟ್ಟಿಗೆ ಬೆಳ್ಳಗಾಗುತ್ತವೆ. ಆ ಪರಿಮಳ ಗಾಡಿಗಳ ಜೊತೆಯಲ್ಲೇ ಇಳಿದು ಹೊಸಪಾಳ್ಯಕ್ಕೂ ಬಂದಿತ್ತು. ಹಬ್ಬಕ್ಕೆ ಇನ್ನು ನಾಲ್ಕೈದು ದಿನ ಇರುವಾಗ ದಿಮ್ಮಿಯ ಮೇಲೆ ಕೂತ ಗಾಡಿಯ ಕಾಳ ಬಾಯಿ ತೆಗೆದ.

‘ಏನ್ ರಂಗಮ್ಮ, ಈ ಸಲ ಯಾರಿಗೆ ಗ್ರಾಚಾರ?’

‘ನಿಂಗೇ ಕಣೋ ಕಾಳ. ನೀನ್ ನೀರ್ ಕಂಡು ಯಾವ ಕಾಲ ಆಯ್ತೋ. ಒಂದ್ ಕೊಡ ಬಿದ್ರೆ ನಿನ್ ಎತ್ತುಗಳಾದ್ರೂ ಉಸ್ರು ಬಿಟ್ಟಾವು.’

ಎಲ್ಲರೂ ನಕ್ಕು ಎದ್ದು ಎತ್ತುಗಳ ಕಡೆ ಹೋದರು. ಸಣ್ಣಸ್ವಾಮಿ ತಟ್ಟೆ ತೊಳೆದು ಮಗುಚಿಟ್ಟು ಅಲ್ಲೇ ನಿಂತ.

‘ಈ ಸಲ ನನ್ನೇ ತೋರ್ಸು,’ ಎಂದ.

‘ಯಾಕೆ, ನಿಂಗೂ ಸೆಕೆ ಆಗ್ತಾ ಐತಾ?’

‘ತಮಾಸೆಗೆ ಹೇಳ್ತಿಲ್ಲ ನಾನು.’

ಅವನು ತಮಾಷೆಗೆ ಹೇಳುತ್ತಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಸುಗ್ಗಿಯ ಹೊತ್ತಿನಲ್ಲಿ ಒಂದು ಸಲ, ನನ್ನ ಜೊತೆ ಬಾಳುತ್ತೀಯಾ ಎಂದು ಕೇಳಿದ್ದ. ಆಗ ಅವಳು ಒಲೆ ಊದುತ್ತಾ ಕೂತುಬಿಟ್ಟಿದ್ದಳು. ಈಗ ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದು, ಮೆಲ್ಲಗೆ ಹೇಳಿದಳು.

‘ತೋರಿಸ್ದೆ ಅಂತ್ಲೇ ಇಟ್ಕೋ. ಮೊದ್ಲು ಆಟ ಆಡ್ಸೋ ಮುದ್ದಿ ನಗ್ತಾಳೆ. ಅವಳ್ ನಕ್ರೆ ಊರೇ ನಗ್ತದೆ. ಕೊಡ ಸುರೀತಾರೆ. ಅಲ್ಲಿಗೆ ಅದು ಆಟ ಆಗೋಯ್ತು. ನಾಳೆ ನಾವಿಬ್ರೂ ಎದುರಾಎದುರು ನಿಂತ್ರೂ ಜನ ಅದನ್ನೇ ನೆನೆಸ್ಕಂಡು ನಗ್ತಾರೆ. ಒಂದ್ ಸಲ ಆಟ ಆದ್ದು ಆಮೇಲೆ ನಿಜ ಆಗಾಕಿಲ್ಲ ಸಣ್ಣಸ್ವಾಮಿ.’

‘ಹಂಗಾರೆ ಅತ್ತೆ ತಾವ ಬಾಯ್ಬಿಟ್ಟು ಹೇಳು.’

ಹೊರಗೆ ಹುಚ್ಚಮ್ಮ ಸೊಪ್ಪಿನ ಕಟ್ಟು ಬಿಚ್ಚಿ ಒಂದೊಂದೇ ಕಡ್ಡಿ ಮುರಿಯುತ್ತಾ ಕೂತಿದ್ದಳು. ರಂಗಮ್ಮ ಅತ್ತ ನೋಡಿ ಇಲ್ಲವೆಂದು ತಲೆ ಆಡಿಸಿದಳು.

‘ಆಯಮ್ಮಂಗೆ ನಿನ್ ಮಗ ಸತ್ತೋದ ಅಂತ ಇನ್ನೊಂದ್ ಸಲ ಹೇಳ್ದಂಗಲ್ವಾ ಅದು?’

ಸಣ್ಣಸ್ವಾಮಿ ಟವಲಿನಲ್ಲಿ ಒದ್ದೆ ಕೈ ಒರೆಸಿಕೊಂಡ. ‘ನಮ್ ತೋಟದೋರು ಲಾರಿ ತಕ್ಕಂಡವ್ರೆ. ಬರೋ ಸುಗ್ಗಿಗೆ ಗಾಡಿ ಬ್ಯಾಡ ಅಂದ್ರು ಲೆಕ್ಕ ಬರಿಯೋ ರೈಟ್ರು. ಕರಿಕೆ ಕಡೆ ಕಾಡ್ನಾಗೆ ಮರ ಕಡಿಯೋ ಕೂಪ್ನಲ್ಲಿ ದಿಮ್ಮಿ ಎಳಿಯೋಕೆ ಎತ್ತು ಬೇಕಂತೆ. ಓಕುಳಿ ಮುಗಿದ್ ತಕ್ಷಣ ಹೊರಡ್ತೀನಿ.’

‘ತಿರ್ಗಾ ಯಾವಾಗ ಬರ್ತೀಯಾ?’

‘ಯಾಕ್ ಬರ್ಲಿ? ನೀನ್ ಹೂಂ ಅನ್ನು, ಹೋಗಾಕೇ ಇಲ್ಲ. ಊರ್ ಯಜಮಾನ್ರ ಗದ್ದೆ ವಾರಕ್ಕೆ, ಬೆಳೇಲಿ ಪಾಲ್ ಕೊಟ್ಟು, ಮಾಡ್ಕಂಡು ಇಲ್ಲೇ ಇದ್ಬಿಡ್ತೀನಿ.’

ಹುಣ್ಣಿಮೆಯ ಸಂಜೆ ಎಂದಿನಂತೆ ಕಾಮ ಉರಿದ. ರಂಗಮ್ಮ ಕೂದಲು ಬಿಚ್ಚಿ ಕೂತು ಹಾಡಿದಳು. ಮೊದಲ ವರ್ಷ ಅವಳು ಅತ್ತದ್ದು ಗಂಡನಿಗಾಗಿ, ನಿಜವಾದ ಅಳು. ಆಮೇಲಿನ ವರ್ಷಗಳಲ್ಲಿ ಅಳು ಹಾಡಿನ ಜೊತೆಗೆ ತಾನೇ ಬರುತ್ತಿತ್ತು, ಒಲೆಯ ಹೊಗೆಗೆ ಕಣ್ಣಲ್ಲಿ ನೀರು ಬಂದ ಹಾಗೆ. ಆ ಸಂಜೆ ಮಾತ್ರ ಎರಡು ಸಾಲು ಹಾಡುವಷ್ಟರಲ್ಲಿ ಹಾಡು ತಪ್ಪಿ ಬರೀ ಅಳು ಉಳಿಯಿತು. ಈ ಅಳು ಸತ್ತವನಿಗಾಗಿ ಅಲ್ಲ, ಇನ್ನೂ ಬದುಕಿ ಎದುರಿಗೇ ಬೆಂಕಿಯ ಆಚೆ ನಿಂತಿರುವವನಿಗಾಗಿ ಎಂದು ಅವಳಿಗೆ ತಿಳಿಯಿತು. ತಿಳಿದು ಭಯವಾಯಿತು. ಪಕ್ಕದಲ್ಲಿದ್ದ ಹೆಂಗಸರು, ‘ಎಷ್ಟ್ ವರ್ಸ ಆದ್ರೂ ಮರ್ತಿಲ್ಲ ನೋಡು ಪಾಪ,’ ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಹುಚ್ಚಮ್ಮ ಮಾತ್ರ ಸೊಸೆಯ ಮುಖವನ್ನೇ ನೋಡುತ್ತಾ ಕೂತಿದ್ದಳು.

ಬೆಳಿಗ್ಗೆ ಬೂದಿ ಇನ್ನೂ ಬೆಚ್ಚಗಿತ್ತು. ರಂಗಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಕುಂಕುಮ ಇಟ್ಟರು. ತೋಟದ ಕೂಲಿ ಲೈನಿನಿಂದ ಬಂದ ಯಾರೋ ಕಾಫಿ ಹೂವಿನ ಒಂದು ಕುಡಿ ತಂದಿದ್ದರು, ಕನಕಾಂಬರದ ಜೊತೆ ಅದನ್ನೂ ಮುಡಿಸಿದರು. ರಸ್ತೆಯಲ್ಲಿ ಸಣ್ಣಸ್ವಾಮಿಯ ಗಾಡಿ ಹೊರಡಲು ಸಿದ್ಧವಾಗಿ ನಿಂತಿತ್ತು, ಅದರಲ್ಲಿ ಒಂದು ಚಾಪೆ, ಒಂದು ಟ್ರಂಕು, ಹುಲ್ಲಿನ ಕಟ್ಟು. ಅವನು ನೊಗಕ್ಕೆ ಕೈಯೂರಿ ನಿಂತಿದ್ದ.

ಮುದ್ದಿ ರಂಗಮ್ಮನ ಪಕ್ಕದ ಮನೆಯವಳು. ಆಟ ಆಡಿಸುವುದರಲ್ಲಿ ಅವಳದೇ ಮುಂದಾಳತ್ವ.

‘ರತಿವ್ವಾ, ನಿನ್ ಗಂಡ ಎಲ್ಲವ್ನೆ?’

ರಂಗಮ್ಮ ಸುತ್ತಲೂ ಕಣ್ಣಾಡಿಸಿದಳು. ತೋರಿಸಲು ಬೇಕಾದಷ್ಟು ಜನ ಇದ್ದರು. ಬೇಲಿಯ ಹತ್ತಿರ ಮೀಸೆ ತಿರುವುತ್ತಾ ನಿಂತ ಊರಿನ ಯಜಮಾನ ತಿಮ್ಮಯ್ಯ ಇದ್ದರು. ಕಾಳ ಇದ್ದ. ಯಾರನ್ನು ತೋರಿಸಿದರೂ ಆಟ ಮುಗಿಯುತ್ತದೆ, ಹಣೆ ಒರೆಸುತ್ತಾರೆ, ಗಾಡಿ ಹೊರಡುತ್ತದೆ. ಅವಳ ಕೈ ಮಡಿಲಲ್ಲೇ ಇತ್ತು. ಏಳಲಿಲ್ಲ.

‘ಕಣ್ ಮಂಜಾಗಿದ್ದಾವಾ? ನಾನೇ ಹುಡುಕ್ಕೊಡ್ಲಾ?’ ಮುದ್ದಿ ಸೊಂಟಕ್ಕೆ ಕೈಯಿಟ್ಟಳು. ‘ನಮ್ಮ ಕೂಸಪ್ಪಜ್ಜನಾ?’

‘ಕೂಸಪ್ಪಜ್ಜ ಅಲ್ಲ ಕಣೆ. ಅವರದ್ ಒಂದ್ ಸಲ ಆಯ್ತಲ್ಲ,’ ಎಂದಳು ರಂಗಮ್ಮ. ಜನ ನಕ್ಕರು.

‘ಮತ್ಯಾರು? ಕಾಳಾನಾ?’

‘ಕಾಳನೂ ಅಲ್ಲ. ಕಾಳಂಗೆ ಒಂದ್ ಕೊಡ ಸಾಲದು.’

‘ಅಯ್ಯೋ, ಯಜಮಾನ್ರಾ?’

‘ತಿಮ್ಮಯ್ಯನೋರ ಮೀಸೆ ಬಣ್ಣ ಹೋದ್ರೆ ನಿಂಗೇ ದಂಡ ಬೀಳ್ತದೆ. ಅಲ್ಲ.’

ನಗು ಏರುತ್ತಾ ಹೋಯಿತು. ಮುದ್ದಿ ಕತ್ತು ಎತ್ತಿ ಇನ್ನಾರು ಉಳಿದರು ಎಂದು ಹುಡುಕಿದಳು. ರಸ್ತೆಯಲ್ಲಿ ಗಾಡಿ ಕಾಣಿಸಿತು.

‘ಹಂಗಾದ್ರೆ ಸಣ್ಣಸ್ವಾಮೀನಾ?’

ಅಲ್ಲ ಎನ್ನಲು ರಂಗಮ್ಮ ಬಾಯಿ ತೆರೆದಳು. ಮೊದಲಿನ ಮೂವರಿಗೆ ಹೇಳಿದಂತೆ ಹೆಸರು ಹಿಡಿದು, ಸಣ್ಣಸ್ವಾಮಿ ಅಲ್ಲ ಎಂದುಬಿಟ್ಟರೆ ಆಯಿತು. ಹೋಟ್ಲಿನಲ್ಲಿ ದಿನಕ್ಕೆ ಎಷ್ಟು ಸಲ ಆಡುತ್ತಿದ್ದ ಹೆಸರು. ಅದು ನಾಲಿಗೆಗೆ ಬರಲಿಲ್ಲ. ತಾನು ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಅವಳ ಕೈ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತ್ತು, ತಲೆ ಬಾಗಿತ್ತು.

‘ಏನೇ ಇದು? ಸಣ್ಣಸ್ವಾಮಿ ಅಲ್ಲ ಅನ್ನು.’ ಮುದ್ದಿ ಇನ್ನೂ ನಗುತ್ತಲೇ ಇದ್ದಳು. ‘ಹೌದಾದ್ರೆ ಸಣ್ಣಸ್ವಾಮಿ ಅನ್ನು. ಬಾಯಲ್ಲಿ ಹೆಸ್ರೇಳವ್ವ!’

‘ಹೆಂಗ್ ಹೇಳ್ಲಿ?’ ಸೆರಗಿನೊಳಗಿಂದ ರಂಗಮ್ಮನ ಸ್ವರ ಬಂತು. ‘ನಿನ್ ಗಂಡನ ಹೆಸ್ರ ನೀನ್ ಹೇಳೀಯಾ?’

ಮುದ್ದಿಯ ನಗು ಅರ್ಧಕ್ಕೇ ನಿಂತಿತು. ಒಬ್ಬರಿಂದ ಒಬ್ಬರಿಗೆ ಅರ್ಥ ದಾಟುತ್ತಾ ಹೋದ ಹಾಗೆ ಜನರ ಗದ್ದಲ ಅಡಗಿತು. ಎತ್ತಿನ ಕೊರಳ ಗಂಟೆ ಮಾತ್ರ ಒಂದೆರಡು ಸಲ ಅಲ್ಲಾಡಿತು.

ತಿಮ್ಮಯ್ಯ ಗಂಟಲು ಸರಿಮಾಡಿಕೊಂಡರು. ‘ಆಟ ಆಟದ್ ಪ್ರಕಾರ ಇರ್ಬೇಕು. ಇದೆಂಥಾದು? ಹುಚ್ಚಮ್ಮ, ಹಣೆ ಒರ್ಸು, ಮುಗೀಲಿ.’

ಹುಚ್ಚಮ್ಮ ಒದ್ದೆ ಬಟ್ಟೆ ಹಿಡಿದು ಎದ್ದಳು. ಮಂಡಿ ನೋವಿನವಳು, ನಿಧಾನವಾಗಿ ಬಂದಳು. ಸೊಸೆಯ ಎದುರು ಕುಕ್ಕರಗಾಲಲ್ಲಿ ಕೂತು, ಸೆರಗನ್ನು ಎತ್ತಿದಳು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

‘ನನ್ ಮಗನ್ ಹೆಸ್ರ ಹೇಳು ನೋಡಾನ,’ ಎಂದಳು.

ರಂಗಮ್ಮ ಅವಳ ಮುಖ ನೋಡಿದಳು. ಮದುವೆಯಾದ ದಿನದಿಂದ ಆ ಹೆಸರನ್ನು ಅವಳು ಒಮ್ಮೆಯೂ ಆಡಿರಲಿಲ್ಲ. ಅವನು ಬದುಕಿದ್ದಾಗ ಹೆಂಡತಿಯಾಗಿ ಆಡಲಿಲ್ಲ, ಸತ್ತ ಮೇಲೆ ಅತ್ತೆಯ ಎದುರು ಆಡಲು ಬಾಯಿ ಬರಲಿಲ್ಲ. ಈಗ ಹೇಳುವುದಿಲ್ಲ ಎಂದರೆ ಅವಳು ಇನ್ನೂ ಆ ಮನೆಯ ಸೊಸೆ, ಹಣೆ ಒರೆಸಿದರೆ ಎಲ್ಲವೂ ಮೊದಲಿನಂತೆ. ಹೇಳಿದರೆ ಅವನು ಇನ್ನು ಅವಳ ಗಂಡನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅತ್ತೆಯ ಕಣ್ಣಿನಲ್ಲಿ ಸಿಟ್ಟು ಇದೆಯೇ ಎಂದು ಹುಡುಕಿದಳು. ಸಿಟ್ಟು ಕಾಣಲಿಲ್ಲ. ಏನಿದೆ ಎನ್ನುವುದೂ ತಿಳಿಯಲಿಲ್ಲ.

‘ಪುಟ್ಟರಾಜು,’ ಎಂದಳು.

‘ಇನ್ನೊಂದ್ ಸಲ ಹೇಳು ಮಗಾ.’

‘ಪುಟ್ಟರಾಜು.’

ಹುಚ್ಚಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ‘ಎಷ್ಟ್ ದಿನ ಆಗಿತ್ತೋ ಈ ಹೆಸ್ರ ಇನ್ನೊಬ್ರ ಬಾಯಲ್ಲಿ ಕೇಳಿ. ಎಲ್ಲಾ ನನ್ ಕಂಡ್ರೆ ಆ ಮಾತೇ ಎತ್ತಾಕಿಲ್ಲ. ನಾನೇ ಮನ್ಸಲ್ಲಿ ಕೂಗ್ಕೊಳ್ತಿದ್ದೆ, ಮರ್ತೋದಾತು ಅಂತ.’

ಅವಳು ಒದ್ದೆ ಬಟ್ಟೆಯನ್ನು ಎತ್ತಿದಳು. ಅದರಿಂದ ತನ್ನ ಮುಖವನ್ನು ಒರೆಸಿಕೊಂಡಳು. ಚೆನ್ನಾಗಿ, ಕಿವಿಯ ಹಿಂದೆಲ್ಲ ಒರೆಸಿಕೊಂಡು, ಹಿಂಡಿ, ಹೆಗಲಿಗೆ ಹಾಕಿಕೊಂಡಳು.

‘ಹುಚ್ಚಮ್ಮ, ಏನಿದು?’ ತಿಮ್ಮಯ್ಯನ ಮೀಸೆ ಅದುರಿತು. ‘ಗಂಡ ಸತ್ತೋಳ್ನ ಇನ್ನೊಬ್ಬಂಗೆ ಕೊಡೋ ಕೂಡಾವಳಿ ಎಲ್ಲಾ ನಾವ್ ಬಿಟ್ಟು ಯಾವ ಕಾಲ ಆಯ್ತು. ಈ ಸೀಮೆಗೆ ಬಂದ್ಮೇಲೆ ನಮ್ಗೂ ಒಂದ್ ಮರ್ಯಾದೆ ಅಂತ ಐತೆ.’

‘ಬಿಟ್ಟೋರ್ ನೀವು. ನನ್ನೇನ್ ಕೇಳಿ ಬಿಟ್ರಾ?’ ಹುಚ್ಚಮ್ಮ ಅವರ ಕಡೆ ತಿರುಗಿದಳು. ‘ನಿಮ್ಮಜ್ಜಿ ನಿಮ್ಮಜ್ಜಂಗೆ ಕೂಡಾವಳಿ ಆಗಿ ಬಂದೋಳು. ಆಯಮ್ಮ ಸೀರೆ ಉಟ್ಟಾಗ ಆರತಿ ಎತ್ತಿದ್ದು ನಮ್ಮವ್ವ. ಆ ಮರ್ಯಾದೆ ಇಲ್ದಿದ್ರೆ ಇವತ್ ಈ ಮೀಸೆ ಎಲ್ಲಿರ್ತಿತ್ತು ಯಜಮಾನ್ರೆ?’

ಹಿಂದಿನಿಂದ ಯಾರೋ ಕಿಸಕ್ಕೆಂದರು. ಕೂಸಪ್ಪಜ್ಜ, ‘ದಿಟ ಕಣಪ್ಪ, ಚಿಕ್ ಹುಡ್ಗ ಆಗಿದ್ದಾಗ ನಾನೂ ಊಟಕ್ಕೋಗಿದ್ದೆ,’ ಎಂದ. ತಿಮ್ಮಯ್ಯ ಬೇಲಿಯ ಕಡೆ ಮುಖ ಮಾಡಿದರು. ಬೇಡ ಎಂದು ಹೇಳಲಿಲ್ಲ. ಊರಿಗೆ ಅಷ್ಟು ಸಾಕಾಗಿತ್ತು.

ಹುಚ್ಚಮ್ಮ ದೊಡ್ಡ ಕೊಡಕ್ಕೆ ಕೈ ಹಾಕಿದಳು. ಒಬ್ಬಳಿಗೆ ಎತ್ತಲಾಗಲಿಲ್ಲ. ಮುದ್ದಿ ಓಡಿಬಂದು ಇನ್ನೊಂದು ಕಡೆ ಹಿಡಿದಳು. ಇಬ್ಬರೂ ತುಳುಕಿಸಿಕೊಂಡು ರಸ್ತೆಗೆ ನಡೆದರು. ಸಣ್ಣಸ್ವಾಮಿ ನೊಗದಿಂದ ಕೈ ತೆಗೆದು, ಏನು ಮಾಡಬೇಕೋ ತಿಳಿಯದೆ, ತಲೆಯ ಮೇಲಿನ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ.

‘ಬಗ್ಗಪ್ಪ, ನಂಗೆ ಎಟುಕಲ್ಲ,’ ಎಂದಳು ಹುಚ್ಚಮ್ಮ.

ಅವನು ಬಗ್ಗಿದ. ಅಷ್ಟೂ ಕೆಂಪು ಅವನ ಮೇಲೆ ಬಿತ್ತು. ಬೆದರಿದ ಎತ್ತುಗಳು ಗಾಡಿಯನ್ನು ಎಳೆದುಕೊಂಡು ಹೊರಟೇಬಿಟ್ಟವು, ಕರಿಕೆಯ ಕಡೆಗಲ್ಲ, ಅಭ್ಯಾಸದ ಪ್ರಕಾರ ನೇರ ಹೊಂಗೆಮರದ ನೆರಳಿಗೆ.

ವೈಶಾಖದಲ್ಲಿ ಕೂಡಾವಳಿ ಆಯಿತು. ಸಣ್ಣಸ್ವಾಮಿ ಹೇಳಿದ ಹಾಗೆ ತಿಮ್ಮಯ್ಯನ ಗದ್ದೆಯನ್ನೇ ವಾರಕ್ಕೆ ಮಾಡಿದ. ಹೋಟ್ಲಿನ ಹಿಂದೆ ಮಣ್ಣಿನ ಗೋಡೆ ಎದ್ದಿತು, ಮೂವರೂ ಒಂದೇ ಸೂರಿನಡಿ ಇದ್ದರು. ಹುಚ್ಚಮ್ಮ ಆಮೇಲೆ ಮಗನ ವಿಷಯವನ್ನು ಗಾಡಿಯವರ ಜೊತೆಗೂ ಮಾತಾಡಲು ಶುರು ಮಾಡಿದಳು. ಅವನಿಗೆ ಏನು ಸೇರುತ್ತಿತ್ತು, ಯಾವ ಮರದಿಂದ ಬಿದ್ದಿದ್ದ ಎನ್ನುವುದನ್ನೆಲ್ಲ ಎಲ್ಲರಿಗಿಂತ ಹೆಚ್ಚು ಕೂತು ಕೇಳುತ್ತಿದ್ದವನು ಸಣ್ಣಸ್ವಾಮಿ.

ಊರಿಗೆ ಮಾತ್ರ ರತಿ ಇಲ್ಲದಂತಾಯಿತು. ಮುಂದಿನ ವರ್ಷ ಯಾರನ್ನೋ ಕೂರಿಸಿ ನೋಡಿದರು, ಜನ ನಗಲಿಲ್ಲ, ಅಳಲೂ ಇಲ್ಲ. ಆಮೇಲೆ ಆ ಕ್ರಮವೇ ನಿಂತಿತು. ಕೊಡಗು ಮೈಸೂರಿಗೆ ಸೇರುವ ಹೊತ್ತಿಗೆ ಕಾಮನ ಹಬ್ಬ ಎಂದರೆ ಹುಡುಗರ ಬೆಂಕಿ, ಪೇಟೆಯ ಬಣ್ಣದ ಪುಡಿ, ಇಷ್ಟೇ ಆಗಿತ್ತು.

ಹೋಟ್ಲಿನಲ್ಲೂ ಒಂದು ತೊಂದರೆ ಶುರುವಾಗಿತ್ತು. ದಿಮ್ಮಿಯ ಮೇಲೆ ಸಾಲಾಗಿ ಕೂತವರಿಗೆ ರಂಗಮ್ಮ ಮೊದಲಿನ ಹಾಗೆಯೇ ಹೆಸರು ಹಿಡಿದು ಬಡಿಸುತ್ತಿದ್ದಳು. ಕಾಳ, ಸಾರು ಬೇಕೇನೋ? ಲಿಂಗ, ತಟ್ಟೆ ಹಿಡಿ. ಗದ್ದೆಯಿಂದ ಬಂದು ಕೊನೆಯಲ್ಲಿ ಕೂತ ಒಬ್ಬನನ್ನು ಮಾತ್ರ ಏನೆಂದು ಕರೆಯುವುದು? ಅವಳು ಸೌಟಿನಲ್ಲಿ ಪಾತ್ರೆಯ ಅಂಚಿಗೆ ಎರಡು ಸಲ ತಟ್ಟುತ್ತಿದ್ದಳು. ಅವನು ತಟ್ಟೆ ಮುಂದೆ ಮಾಡುತ್ತಿದ್ದ. ಗಾಡಿಯವರಿಗೆ ಅದಕ್ಕಿಂತ ಒಳ್ಳೆಯ ತಮಾಷೆ ಬೇಕಿರಲಿಲ್ಲ. ‘ರಂಗಮ್ಮ, ಆ ಸದ್ದಿನ ಹೆಸರೇನು?’ ಎಂದು ಕಾಳ ದಿನಾ ಕೇಳುತ್ತಿದ್ದ. ‘ಸುಮ್ನೆ ಉಣ್ಣೋ,’ ಎಂದು ಅವಳೂ ದಿನಾ ಬೈಯುತ್ತಿದ್ದಳು.

ಗಾಡಿಗಳು ನಿಂತವು, ಹೋಟ್ಲು ಮುಚ್ಚಿತು, ಹೊಂಗೆಮರವನ್ನು ರಸ್ತೆ ಅಗಲ ಮಾಡುವಾಗ ಕಡಿದರು. ಸಣ್ಣಸ್ವಾಮಿಗೆ ವಯಸ್ಸಾಗಿ ಕಿವಿ ಮಂದವಾಯಿತು. ಕೂಗಿದರೆ ಕೇಳುತ್ತಿರಲಿಲ್ಲ, ಬಸ್ಸಿನ ಹಾರನ್ನೂ ಕೇಳುತ್ತಿರಲಿಲ್ಲ. ಯಾವ ಮದುವೆ ಮನೆಯಲ್ಲಾದರೂ, ಯಾರೋ ಅಡುಗೆಯವರು ಸೌಟಿನಿಂದ ಪಾತ್ರೆಗೆ ತಟ್ಟಿದರೆ ಮಾತ್ರ, ‘ಬಂದೆ’ ಎಂದು ಎದ್ದು ನಿಲ್ಲುತ್ತಿದ್ದ. ಪಕ್ಕದಲ್ಲಿದ್ದ ರಂಗಮ್ಮ ಅವನ ಪಂಚೆಯ ಅಂಚನ್ನು ಹಿಡಿದು ಎಳೆದು, ‘ನಾನಲ್ಲ, ಕೂತ್ಕಳಿ,’ ಎನ್ನುತ್ತಿದ್ದಳು.